ಆಸ್ಕರ್ ಎಂಆರ್‌ಎನ್‌ಎ ಎಲ್ಲಿ ನಿಂತಿತು? ಹಣ್ಣುನೊಣದ ಅಂಡಕೋಶದಲ್ಲಿ ಸಾಗಾಟದ ಪ್ರೋಟೀನುಗಳನ್ನು ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಡ್ರೊಸೊಫಿಲಾ ಹಣ್ಣುನೊಣದ ಮರಿಗೆ ತಲೆ ಯಾವ ಕಡೆ ಬರಬೇಕು, ಹೊಟ್ಟೆ ಯಾವ ಕಡೆ, ಮುಂದಿನ ಪೀಳಿಗೆಯನ್ನು ಹುಟ್ಟಿಸುವ ಜನನಕೋಶಗಳು ಎಲ್ಲಿ ಮೂಡಬೇಕು ಎನ್ನುವುದೆಲ್ಲ ಮೊಟ್ಟೆ ಹೊರಬೀಳುವ ಮೊದಲೇ, ತಾಯಿಯ ಅಂಡಾಶಯದಲ್ಲೇ ತೀರ್ಮಾನವಾಗಿರುತ್ತದೆ. ಹಾಗೆ ತೀರ್ಮಾನಿಸುವವು ಕೆಲವೇ ಕೆಲವು ಎಂಆರ್‌ಎನ್‌ಎಗಳು, ಅಂದರೆ ಪ್ರೋಟೀನು ಕಟ್ಟುವ ಸೂಚನೆಯನ್ನು ಹೊರುವ ಜೀನ್‌ಗಳ ಪ್ರತಿಗಳು. ಬೈಕಾಯ್ಡ್ ಮುಂತುದಿಯಲ್ಲಿ ಸೇರುತ್ತದೆ, ಆಸ್ಕರ್ ಮತ್ತು ನಾನೋಸ್ ಹಿಂತುದಿಯಲ್ಲಿ, ಗುರ್ಕೆನ್ ಬೆನ್ನಿನ ಬದಿಯ ಮುಂದಿನ ಮೂಲೆಯಲ್ಲಿ. ಜಾಗ ತಪ್ಪಿದರೆ ದೇಹದ ನಕ್ಷೆಯೇ ತಪ್ಪುತ್ತದೆ. 1992ರಲ್ಲಿ ಆನ್ ಎಫ್ರುಸ್ಸಿ ಮತ್ತು ರುತ್ ಲೇಮನ್ ಆಸ್ಕರ್‌ನ ಬಾಲದ ಭಾಗವನ್ನು (ಪ್ರೋಟೀನಿನ ಸೂಚನೆ ಮುಗಿದ ಮೇಲೆ ಬರುವ ತುದಿ, 3′ ಯುಟಿಆರ್) ತೆಗೆದು ಬೈಕಾಯ್ಡ್‌ನ ಬಾಲವನ್ನು ಜೋಡಿಸಿದರು. ಆಸ್ಕರ್ ಮುಂತುದಿಗೆ ಹೋಯಿತು, ಜನನಕೋಶಗಳು ತಲೆ ಇರಬೇಕಾದ ಕಡೆ ಹುಟ್ಟಿದವು.

ಈ ಎಂಆರ್‌ಎನ್‌ಎಗಳನ್ನು ಸಾಗಿಸುವ, ತಡೆಹಿಡಿಯುವ, ಕೊನೆಗೆ ನೆಲೆಗೊಳಿಸುವ ಪ್ರೋಟೀನುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಕ್ರಮ ಇಲ್ಲಿದೆ. ಎಲ್ಲಕ್ಕಿಂತ ಚೆನ್ನಾಗಿ ಅರ್ಥವಾಗಿರುವ ಆಸ್ಕರ್ ಅನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಸ್ನಾತಕೋತ್ತರ ಮತ್ತು ಸಂಶೋಧನಾ ವಿದ್ಯಾರ್ಥಿಗಳು ಇಲ್ಲಿ ಹೆಚ್ಚಾಗಿ ಎಡವುವುದು ಒಂದೇ ಕಡೆ. ಒಂದು ಪ್ರೋಟೀನನ್ನು ತೆಗೆದಾಗ ಆಸ್ಕರ್ ಹಿಂತುದಿಯಲ್ಲಿ ಕಾಣದಿದ್ದರೆ, ಅದನ್ನೇ ಸಾಗಾಟದ ಪ್ರೋಟೀನು ಎಂದು ಬರೆದುಬಿಡುತ್ತಾರೆ. ಆದರೆ ಹಿಂತುದಿ ಖಾಲಿಯಾಗಲು ಕನಿಷ್ಠ ಐದು ಬೇರೆ ಬೇರೆ ಕಾರಣಗಳಿವೆ. ಎಂಆರ್‌ಎನ್‌ಎ ಎಲ್ಲಿ ನಿಂತಿತು, ಯಾವ ಹಂತದಲ್ಲಿ ನಿಂತಿತು ಎಂಬ ಎರಡನ್ನೂ ನೋಡದೆ ಆ ಕಾರಣಗಳನ್ನು ಬೇರ್ಪಡಿಸಲಾಗದು.

ಮೊದಲು ದಾರಿ ಗೊತ್ತಿರಲಿ

ಒಂದು ಎಗ್ ಚೇಂಬರ್‌ನಲ್ಲಿ 16 ಕೋಶಗಳ ಗುಂಪು ಇರುತ್ತದೆ. 15 ಪೋಷಕ ಕೋಶಗಳು, ಒಂದು ಅಂಡಕೋಶ. ಇವು ರಿಂಗ್ ಕೆನಾಲ್ ಎಂಬ ಕಿಂಡಿಗಳ ಮೂಲಕ ಒಂದಕ್ಕೊಂದು ತೆರೆದುಕೊಂಡಿರುತ್ತವೆ. ಸುತ್ತ ಫಾಲಿಕಲ್ ಕೋಶಗಳ ಒಂದು ಪದರ. ಆಸ್ಕರ್ ತಯಾರಾಗುವುದು ಪೋಷಕ ಕೋಶಗಳ ಕೋಶಕೇಂದ್ರದಲ್ಲಿ (ನ್ಯೂಕ್ಲಿಯಸ್), ಹೋಗಬೇಕಾದದ್ದು ಅಂಡಕೋಶದ ಹಿಂತುದಿಗೆ. ದಾರಿ ನಾಲ್ಕು ಭಾಗಗಳಲ್ಲಿ ಸಾಗುತ್ತದೆ.

ಮೊದಲ ಭಾಗ ಕೋಶಕೇಂದ್ರದೊಳಗೇ ಇದೆ. ಆಸ್ಕರ್‌ನ ಮೊದಲ ಇಂಟ್ರಾನ್ (ಅಂತಿಮ ಎಂಆರ್‌ಎನ್‌ಎಯಲ್ಲಿ ಉಳಿಯದ ತುಣುಕು) ಕತ್ತರಿಸಿಹೋದಾಗ ಎರಡು ಕೆಲಸಗಳಾಗುತ್ತವೆ: ಜೋಡಣೆಯ ಜಾಗದಲ್ಲಿ 28 ನ್ಯೂಕ್ಲಿಯೋಟೈಡುಗಳ ಒಂದು ಮಡಿಕೆ ರೂಪುಗೊಳ್ಳುತ್ತದೆ, ಮತ್ತು ಪಕ್ಕದಲ್ಲಿ ಎಕ್ಸಾನ್ ಜಂಕ್ಷನ್ ಕಾಂಪ್ಲೆಕ್ಸ್ ಎಂಬ ಪ್ರೋಟೀನುಗಳ ಗುಂಪು ಬಂದು ಕೂರುತ್ತದೆ. ಮಾಗೋ ನಾಶಿ, ವೈ14, ಇಐಎಫ್4ಎ3, ಬಾರೆಂಟ್ಸ್ ಇವೇ ಅದರ ಅಂಗಗಳು. ಮುಂದೆ ಹಿಂತುದಿ ತಲುಪಬೇಕಾದರೆ ಈ ಎರಡೂ ಬೇಕು. ಕೋಶಕೇಂದ್ರದಲ್ಲಿ ನಡೆಯುವ ಈ ಕತ್ತರಿಸಿ ಜೋಡಿಸುವ ಕೆಲಸ, ಅಂದರೆ ಸ್ಪ್ಲೈಸಿಂಗ್, ಬಹಳ ಹೊತ್ತಿನ ನಂತರ ಕೋಶದ್ರವದಲ್ಲಿ ಆಗುವ ಸಾಗಾಟವನ್ನು ನಿರ್ಧರಿಸುತ್ತದೆ ಎಂದು ಆಶೇ ಮತ್ತು ಎಫ್ರುಸ್ಸಿ 2004ರಲ್ಲಿ ತೋರಿಸಿದರು. ಈ ಕ್ಷೇತ್ರದಲ್ಲಿ ಇಷ್ಟು ಸುಂದರವಾದ ಫಲಿತಾಂಶಗಳು ಹೆಚ್ಚಿಲ್ಲ.

ಎರಡನೆಯದು ಪೋಷಕ ಕೋಶದಿಂದ ಅಂಡಕೋಶಕ್ಕೆ. ಇಲ್ಲಿ ಎಂಜಿನ್ ಡೈನೀನ್, ಮೈಕ್ರೋಟ್ಯೂಬ್ಯೂಲ್ ಎಂಬ ಕೋಶದೊಳಗಿನ ಹಳಿಗಳ ಮೇಲೆ ಸರಕು ಹೊತ್ತು ಓಡುವ ಪ್ರೋಟೀನು. ಎಂಆರ್‌ಎನ್‌ಎಯ ಬಾಲದಲ್ಲಿರುವ ಮಡಿಕೆಯನ್ನು ಈಗಲಿಟೇರಿಯನ್ ಪ್ರೋಟೀನು ಹಿಡಿಯುತ್ತದೆ, ಅದನ್ನು ಬೈಕಾಡಲ್-ಡಿ ಡೈನೀನ್‌ಗೆ ಜೋಡಿಸುತ್ತದೆ. ಎಂಆರ್‌ಎನ್‌ಎ ಬಂದು ಕೂತಾಗಲೇ ಈ ಜೋಡಣೆ ಪೂರ್ಣವಾಗಿ ಡೈನೀನ್ ದೂರ ಓಡಲು ಶುರುಮಾಡುತ್ತದೆ. ಶುದ್ಧೀಕರಿಸಿದ ಪ್ರೋಟೀನುಗಳಿಂದಲೇ ಇದನ್ನು 2018ರಲ್ಲಿ ಮರುಸೃಷ್ಟಿಸಿ ತೋರಿಸಲಾಗಿದೆ.

ಮೂರನೆಯದು ಅಂಡಕೋಶದೊಳಗಿನ ಪಯಣ, ಇಲ್ಲಿ ಎಂಜಿನ್ ಬದಲಾಗುತ್ತದೆ. ಡೈನೀನ್ ಮೈಕ್ರೋಟ್ಯೂಬ್ಯೂಲಿನ ಮೈನಸ್ ತುದಿಯತ್ತ ಓಡುವ ಎಂಜಿನ್. ಮಧ್ಯದ ಹಂತಗಳಲ್ಲಿ ಮೈನಸ್ ತುದಿಗಳು ಮುಂಭಾಗ ಮತ್ತು ಬದಿಗಳ ಅಂಚಿನಲ್ಲಿರುವುದರಿಂದ, ಡೈನೀನ್ ಹಿಡಿದೇ ಇದ್ದರೆ ಆಸ್ಕರ್ ಮುಂತುದಿಯಲ್ಲೇ ಉಳಿಯುತ್ತದೆ. ಎರಡೆಳೆ ಆರ್‌ಎನ್‌ಎಯನ್ನು ಗುರುತಿಸುವ ಸ್ಟೌಫೆನ್ ಬಂದು ಈಗಲಿಟೇರಿಯನ್ ಅನ್ನು ಸರಿಸುತ್ತದೆ, ಡೈನೀನ್ ಸುಮ್ಮನಾಗುತ್ತದೆ. ಆಗ ಪೋಷಕ ಕೋಶಗಳಲ್ಲೇ ಹತ್ತಿ ಬಂದಿದ್ದ, ಇಲ್ಲಿಯವರೆಗೆ ಕೆಲಸವಿಲ್ಲದೆ ಇದ್ದ, ಪ್ಲಸ್ ತುದಿಯತ್ತ ಓಡುವ ಎಂಜಿನ್ ಕೈನೆಸಿನ್-1 ಎಳೆಯಲು ಶುರುಮಾಡುತ್ತದೆ. ಕೈನೆಸಿನ್ ಅನ್ನು ಆಸ್ಕರ್‌ಗೆ ಅಂಟಿಸುವುದು ಟ್ರೋಪೋಮಯೋಸಿನ್-1ರ ಒಂದು ವಿಶೇಷ ರೂಪ. ಸ್ಟೌಫೆನ್‌ನ ಎಂಆರ್‌ಎನ್‌ಎಯೂ ಈಗಲಿಟೇರಿಯನ್-ಡೈನೀನ್ ಮೂಲಕವೇ ಅಂಡಕೋಶಕ್ಕೆ ಬರುತ್ತದೆ. ತನ್ನನ್ನು ತಡೆಯುವವನನ್ನು ಡೈನೀನ್ ತಾನೇ ಹೊತ್ತು ತಂದಂತಾಯಿತು. ಎಂಜಿನ್ ಬದಲಾವಣೆ ಪೋಷಕ ಕೋಶಗಳಲ್ಲಿ ಆಗದೆ ಅಂಡಕೋಶದಲ್ಲೇ ಆಗಲು ಇದೇ ಕಾರಣ.

ನಾಲ್ಕನೆಯದು ನೆಲೆ ನಿಲ್ಲುವುದು. ದಾರಿಯುದ್ದಕ್ಕೂ ಬ್ರೂನೋ ಎಂಬ ಪ್ರೋಟೀನು ಕಪ್ ಎಂಬ ಜೊತೆಗಾರನ ಸಹಾಯದಿಂದ ಆಸ್ಕರ್‌ನ ಅನುವಾದವನ್ನು (ಎಂಆರ್‌ಎನ್‌ಎ ಓದಿ ಪ್ರೋಟೀನು ಕಟ್ಟುವುದು) ಅದುಮಿಟ್ಟಿರುತ್ತದೆ. ಹಿಂತುದಿ ತಲುಪಿದ ಮೇಲೆ ಅನುವಾದ ಶುರುವಾಗುತ್ತದೆ. ಹುಟ್ಟಿದ ಆಸ್ಕರ್ ಪ್ರೋಟೀನಿನ ಉದ್ದ ರೂಪ ತನ್ನದೇ ಎಂಆರ್‌ಎನ್‌ಎಯನ್ನು ಅಂಚಿಗೆ ಹಿಡಿದಿಡುತ್ತದೆ.

ನೊಣಗಳ ಆಯ್ಕೆ

ಕಾಡು ಮಾದರಿಯ ನೊಣಗಳು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಡ್ರೊಸೊಫಿಲಾ ಸ್ಟಾಕ್ ಸೆಂಟರ್‌ನಲ್ಲಿ ಸಿಗುತ್ತವೆ. ಮ್ಯೂಟೆಂಟ್ (ಜೀನ್ ಕೆಟ್ಟ) ಮತ್ತು ಆರ್‌ಎನ್‌ಎಐ (ಚಿಕ್ಕ ಆರ್‌ಎನ್‌ಎಯಿಂದ ಜೀನ್ ಅಡಗಿಸುವ) ತಳಿಗಳಿಗೆ ಹೆಚ್ಚಾಗಿ ಅಮೆರಿಕದ ಬ್ಲೂಮಿಂಗ್ಟನ್ ಸ್ಟಾಕ್ ಸೆಂಟರ್‌ಗೆ ಬರೆಯಬೇಕು. ಪರೀಕ್ಷಿಸುವ ಪ್ರೋಟೀನು ಯಾವುದೇ ಇರಲಿ, ಈ ನಾಲ್ಕು ತಳಿಗಳು ಪ್ರಯೋಗದ ಪಕ್ಕದಲ್ಲಿ ಇರಲೇಬೇಕು: ಕಾಡು ಮಾದರಿ, ಸ್ಟೌಫೆನ್ ಇಲ್ಲದ್ದು (ಸ್ಟೌ-ಡಿ3), ಆಸ್ಕರ್ ಪ್ರೋಟೀನು ಇಲ್ಲದಿದ್ದರೂ ಎಂಆರ್‌ಎನ್‌ಎ ಇರುವುದು (ಆಸ್ಕ್-54), ಮತ್ತು ಆಸ್ಕರ್ ಎಂಆರ್‌ಎನ್‌ಎಯೇ ಇಲ್ಲದ್ದು (ಆಸ್ಕ್-ಎ87, ಆ ಭಾಗವೇ ಕಳೆದುಹೋದ ಕ್ರೋಮೋಸೋಮಿನ, ಅಂದರೆ ಡಿಫಿಷಿಯೆನ್ಸಿಯ ಎದುರು). ಮೊದಲ ಮೂರು ಹೋಲಿಕೆಗೆ, ಕೊನೆಯದು ಪ್ರೋಬಿನ (ಎಂಆರ್‌ಎನ್‌ಎಗೆ ಅಂಟಿ ಹೊಳೆಯುವ ತುಣುಕು) ಶುದ್ಧತೆಗೆ. ಎಂಆರ್‌ಎನ್‌ಎಯೇ ಇಲ್ಲದ ತಳಿಯಲ್ಲಿ ಎಗ್ ಚೇಂಬರ್‌ಗಳ ಬೆಳವಣಿಗೆ ಬೇಗನೆ ನಿಂತುಹೋಗುತ್ತದೆ. ಹಾಗಾಗಿ 9ನೇ ಹಂತದ (ಬೆಳವಣಿಗೆಯ ಹಂತಗಳ ಗುರುತು ಮುಂದೆ ಬರುತ್ತದೆ) ಅಂಡಕೋಶವನ್ನು ಅದರಲ್ಲಿ ಹುಡುಕಬೇಡಿ, ಇರುವ ಎಳೆಯ ಚೇಂಬರ್‌ಗಳಲ್ಲೇ ಹಿನ್ನೆಲೆಯನ್ನು ಅಳೆಯಿರಿ.

ಆರ್‌ಎನ್‌ಎಐ ಮಾಡುವುದಾದರೆ ಮೂರು ವಿಷಯ ಗಮನದಲ್ಲಿರಲಿ. ಜೀನ್ ಅಡಗಿಸುವ ಹೇರ್‌ಪಿನ್ ಆರ್‌ಎನ್‌ಎ ಇರುವ ತಳಿ ವ್ಯಾಲಿಯಂ-20 ಅಥವಾ ವ್ಯಾಲಿಯಂ-22 ಗುಂಪಿನದಾಗಿರಲಿ. ಹಳೆಯ ಉದ್ದ ಹೇರ್‌ಪಿನ್‌ಗಳು ಜನನಕೋಶಗಳಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ನೀವೇ ಟ್ರಾನ್ಸ್‌ಜೀನ್ ಕಟ್ಟುವುದಾದರೆ ಗಾಲ್4ಗೆ ಸ್ಪಂದಿಸುವ ವೆಕ್ಟರ್‌ಗಳಲ್ಲಿ ಯುಎಎಸ್-ಟಿ ಬಿಟ್ಟು ಯುಎಎಸ್-ಪಿ ಬಳಸಿ, ಕಾರಣ ಅದೇ. ಮೂರನೆಯದೇ ಮುಖ್ಯ. ಈಗಲಿಟೇರಿಯನ್ ಅಥವಾ ಬೈಕಾಡಲ್-ಡಿಯನ್ನು ನಾನೋಸ್-ಗಾಲ್4 (ಜನನಕೋಶಗಳಲ್ಲಿ ಆರ್‌ಎನ್‌ಎಐ ಚಾಲೂ ಮಾಡುವ ಸ್ವಿಚ್) ಬಳಸಿ ಮೊದಲಿನಿಂದಲೇ ತೆಗೆದರೆ ಅಂಡಕೋಶವೇ ಹುಟ್ಟುವುದಿಲ್ಲ, 16 ಕೋಶಗಳೂ ಪೋಷಕ ಕೋಶಗಳಾಗುತ್ತವೆ, ನೋಡಲು ಏನೂ ಉಳಿಯದು. ಇಂಥ ಪ್ರೋಟೀನುಗಳಿಗೆ ಜರ್ಮೇರಿಯಂ (ಎಗ್ ಚೇಂಬರ್‌ಗಳು ಹುಟ್ಟುವ ತುದಿ) ದಾಟಿದ ನಂತರ ಶುರುವಾಗುವ ಮೆಟರ್ನಲ್ ಆಲ್ಫಾ-ಟ್ಯೂಬುಲಿನ್ ಗಾಲ್4 ಬಳಸಿ. ಕೈನೆಸಿನ್ ಹೆವಿ ಚೈನ್‌ನಂಥ ಜೀವಕ್ಕೇ ಬೇಕಾದ ಜೀನ್‌ಗಳಿಗೆ ಎಫ್‌ಆರ್‌ಟಿ ಮತ್ತು ಓವೋ-ಡಿ1 ವಿಧಾನದ ಜನನಕೋಶ ಕ್ಲೋನ್‌ಗಳೇ (ಜನನಕೋಶಗಳಲ್ಲಿ ಮಾತ್ರ ಆ ಜೀನ್ ಕೆಟ್ಟಿರುವ ಕೋಶಗುಂಪುಗಳು) ಶುದ್ಧ ಉತ್ತರ ಕೊಡುತ್ತವೆ. ಲಾರ್ವಾಗಳಿಗೆ 37 ಡಿಗ್ರಿಯಲ್ಲಿ 1 ಗಂಟೆ ಹೀಟ್ ಶಾಕ್, ಸತತ ಎರಡು ಮೂರು ದಿನ. ಕ್ಲೋನ್ ಆಗದ ಓವೋ-ಡಿ1 ಚೇಂಬರ್‌ಗಳು ಹಳದಿ (ಮೊಟ್ಟೆಯ ಪೋಷಕ ವಸ್ತು, ಯೋಕ್) ತುಂಬುವ ಮೊದಲೇ ಸಾಯುವುದರಿಂದ 8ನೇ ಹಂತ ದಾಟಿದ್ದೆಲ್ಲ ಕ್ಲೋನ್ ಎಂದು ನಂಬಬಹುದು.

ಅಂಡಾಶಯ ಕೊಬ್ಬಲು ಹೆಣ್ಣುಗಳು 3ರಿಂದ 5 ದಿನ ವಯಸ್ಸಿನವಾಗಿರಬೇಕು. ಬಿಡಿಸುವ ಮೊದಲು 24ರಿಂದ 48 ಗಂಟೆ 25 ಡಿಗ್ರಿಯಲ್ಲಿ, ಕೆಲವು ಗಂಡುಗಳ ಜೊತೆ, ಆಹಾರದ ಮೇಲೆ ಒದ್ದೆ ಈಸ್ಟ್ ಪೇಸ್ಟ್ ಹಚ್ಚಿದ ಬಾಟಲಿಯಲ್ಲಿ ಇಡಿ. ಬೇಕರಿಯ ಒಣ ಈಸ್ಟನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿದರೆ ಸಾಕು. ತೆಳುವಾದರೆ ನೊಣಗಳು ಅಂಟಿಕೊಂಡು ಸಾಯುತ್ತವೆ. ಈಸ್ಟ್ ಸಾಲದಿದ್ದರೆ ಚೇಂಬರ್‌ಗಳು 8–9ನೇ ಹಂತದಲ್ಲಿ ಒಣಗಿ ಚೂರಾಗುತ್ತವೆ. ನಿಮಗೆ ಬೇಕಾದ ಹಂತವೂ ಅದೇ. ಬೇಸಿಗೆಯಲ್ಲಿ ಇನ್‌ಕ್ಯುಬೇಟರ್ ಇಲ್ಲದ ಕೋಣೆಯನ್ನು ನಂಬಬೇಡಿ, 30 ಡಿಗ್ರಿಯಲ್ಲೇ ಬೆಳೆದ ಗಂಡುಗಳು ಬಂಜೆಯಾಗುತ್ತವೆ, ಹೆಣ್ಣುಗಳ ಅಂಡಾಶಯವೂ ಕುಗ್ಗುತ್ತದೆ.

ದ್ರಾವಣಗಳು

ಇಲ್ಲಿ ಬಳಸುವುದು ಒಂದೊಂದೇ ಎಂಆರ್‌ಎನ್‌ಎ ಅಣುವನ್ನು ಚುಕ್ಕೆಯಾಗಿ ತೋರಿಸುವ ಫ್ಲೋರೆಸೆಂಟ್ ಹೈಬ್ರಿಡೈಸೇಷನ್. ಒಂದೇ ಎಂಆರ್‌ಎನ್‌ಎಗೆ ಉದ್ದಕ್ಕೂ ಅಂಟುವ 20 ನ್ಯೂಕ್ಲಿಯೋಟೈಡುಗಳ 30ರಿಂದ 48 ಪ್ರೋಬ್‌ಗಳು ಬೇಕು, ಎರಡರ ನಡುವೆ ಕನಿಷ್ಠ 2 ನ್ಯೂಕ್ಲಿಯೋಟೈಡುಗಳ ಅಂತರ, ಜಿಸಿ ಪ್ರಮಾಣ ಸುಮಾರು 45 ಶೇಕಡಾ. ಬಣ್ಣ ಕೆಂಪು ಅಥವಾ ಅದಕ್ಕೂ ಆಚಿನದಾಗಿರಲಿ. 8ನೇ ಹಂತದಿಂದ ತುಂಬುವ ಹಳದಿ ಕಣಗಳು ನೀಲಿ ಮತ್ತು ಹಸಿರಿನಲ್ಲಿ ತಾವೇ ಹೊಳೆಯುತ್ತವೆ. ಹಸಿರು ಪ್ರೋಬ್ ಹಾಕಿದವರು ಹಳದಿಯನ್ನೇ ಎಂಆರ್‌ಎನ್‌ಎ ಎಂದು ಎಣಿಸಿಕೊಂಡು ಬರುವುದುಂಟು.

10 ಮಿಲಿಲೀಟರ್ ಹೈಬ್ರಿಡೈಸೇಷನ್ ದ್ರಾವಣಕ್ಕೆ:

- ಡೆಕ್ಸ್‌ಟ್ರಾನ್ ಸಲ್ಫೇಟ್ 1 ಗ್ರಾಂ
- 20 ಪಟ್ಟು ಎಸ್‌ಎಸ್‌ಸಿ 1 ಮಿಲಿಲೀಟರ್
- ಫಾರ್ಮಮೈಡ್ 1 ಮಿಲಿಲೀಟರ್
- ಈ. ಕೋಲೈ ಟಿಆರ್‌ಎನ್‌ಎ 10 ಮಿಲಿಗ್ರಾಂ
- 200 ಮಿಲಿಮೋಲಾರ್ ವೆನಡಿಲ್ ರೈಬೋನ್ಯೂಕ್ಲಿಯೋಸೈಡ್ 100 ಮೈಕ್ರೋಲೀಟರ್
- 50 ಮಿಲಿಗ್ರಾಂ/ಮಿಲಿಲೀಟರ್ ಬಿಎಸ್‌ಎ 40 ಮೈಕ್ರೋಲೀಟರ್
- ಉಳಿದದ್ದು ಆರ್‌ಎನ್‌ಏಸ್ ಇಲ್ಲದ ನೀರು

ಡೆಕ್ಸ್‌ಟ್ರಾನ್ ಕರಗಲು ತುಂಬ ಹೊತ್ತು ಹಿಡಿಯುತ್ತದೆ. ಅದನ್ನು ಮೊದಲು 6 ಮಿಲಿಲೀಟರ್ ನೀರಿನಲ್ಲಿ ತಿರುಗಿಸುತ್ತ ಬಿಡಿ, ಗುಳ್ಳೆಯಿಲ್ಲದೆ ತಿಳಿಯಾದ ಮೇಲೆ ಉಳಿದವನ್ನು ಸೇರಿಸಿ. ವೆನಡಿಲ್ ಬಾಟಲಿಯನ್ನು 65 ಡಿಗ್ರಿಯಲ್ಲಿ ಬಿಸಿ ಮಾಡಿದಾಗ ಕಪ್ಪುಹಸಿರಾಗಿ ತಿಳಿಯಾಗಬೇಕು. ಇದು ಆರ್‌ಎನ್‌ಎ ತಿನ್ನುವ ಕಿಣ್ವಗಳನ್ನು ತಡೆಯುತ್ತದೆ, ಆದರೆ ಇಡಿಟಿಎ ಸೋಕಿದರೆ ಒಡೆದುಹೋಗುತ್ತದೆ. ಯಾವ ದ್ರಾವಣಕ್ಕೂ ಇಡಿಟಿಎ ಹಾಕಬೇಡಿ. ಫಾರ್ಮಮೈಡ್ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ತೆರೆಯದೆ ಕೋಣೆಯ ಉಷ್ಣಾಂಶಕ್ಕೆ ಬರಲು ಬಿಡಿ, ಇಲ್ಲದಿದ್ದರೆ ಗಾಳಿಯ ತೇವ ಒಳಸೇರಿ ಕೆಡುತ್ತದೆ. ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ರಾಸಾಯನಿಕವದು. ಫ್ಯೂಮ್ ಹುಡ್ ಮತ್ತು ಕೈಗವಸು ಇಲ್ಲದೆ ಮುಟ್ಟಬೇಡಿ. ತೊಳೆಯುವ ದ್ರಾವಣ ಸರಳ: 2 ಪಟ್ಟು ಎಸ್‌ಎಸ್‌ಸಿ, 10 ಶೇಕಡಾ ಫಾರ್ಮಮೈಡ್, 0.1 ಶೇಕಡಾ ಟ್ವೀನ್-20.

ಬಿಡಿಸುವುದರಿಂದ ಕವರ್‌ಸ್ಲಿಪ್‌ವರೆಗೆ

1. ನೊಣಗಳನ್ನು ಇಂಗಾಲದ ಡೈಆಕ್ಸೈಡ್‌ನಿಂದ ಮಲಗಿಸಿ, ಪಿಬಿಎಸ್‌ನಲ್ಲಿ ಹೊಟ್ಟೆಯ ಕೆಳತುದಿಯನ್ನು ಚಿಮುಟದಿಂದ ಹಿಡಿದೆಳೆದು ಅಂಡಾಶಯದ ಜೋಡಿಯನ್ನು ಹೊರತೆಗೆಯಿರಿ. ಒಂದು ಕೊಳವೆಗೆ 5ರಿಂದ 10 ಜೋಡಿ. ಮೊದಲ ನೊಣದಿಂದ ಫಿಕ್ಸೇಟಿವ್ ಸೇರಿಸುವವರೆಗೆ 15 ನಿಮಿಷ ಮೀರಬಾರದು. ತಣ್ಣನೆಯ ಪಿಬಿಎಸ್ ಬೇಡ. ತಂಪಿಗೆ ಮೈಕ್ರೋಟ್ಯೂಬ್ಯೂಲ್‌ಗಳು ಕರಗುತ್ತವೆ, ಕಾಡು ಮಾದರಿಯಲ್ಲೂ ಆಸ್ಕರ್ ಚೆದುರಿದಂತೆ ಕಾಣಬಹುದು.

2. ಪ್ರತಿ ಅಂಡಾಶಯದಲ್ಲಿ ಸುಮಾರು 16ರಿಂದ 20 ಅಂಡನಾಳಿಕೆಗಳು ಇರುತ್ತವೆ. ಮುಂಭಾಗವನ್ನು ಸೂಜಿಯಿಂದ ನಯವಾಗಿ ಬಾಚಿ ಬಿಡಿಬಿಡಿ ಮಾಡಿ. ಪೂರ್ತಿ ಬಿಡಿಸಬೇಡಿ, ಬಿಡಿ ಚೇಂಬರ್‌ಗಳು ತೊಳೆಯುವಾಗ ಹೋಗಿಬಿಡುತ್ತವೆ.

3. ಮೆಥನಾಲ್ ಇಲ್ಲದ 4 ಶೇಕಡಾ ಫಾರ್ಮಾಲ್ಡಿಹೈಡ್, 0.1 ಶೇಕಡಾ ಟ್ರೈಟಾನ್ ಇರುವ ಪಿಬಿಎಸ್‌ನಲ್ಲಿ, 20 ನಿಮಿಷ, ತಿರುಗಿಸುತ್ತ. ಅರ್ಧ ಗಂಟೆ ದಾಟಿದರೆ ಪ್ರೋಬ್ ಒಳಗೆ ಇಳಿಯುವುದು ಕಷ್ಟವಾಗುತ್ತದೆ. ಹೊಸ ಆಂಪ್ಯೂಲ್ ಬಳಸಿ, ತಿಂಗಳುಗಟ್ಟಲೆ ತೆರೆದಿಟ್ಟದ್ದು ಬೇಡ.

4. 0.1 ಶೇಕಡಾ ಟ್ವೀನ್ ಇರುವ ಪಿಬಿಎಸ್‌ನಲ್ಲಿ ತಲಾ 10 ನಿಮಿಷದಂತೆ ಮೂರು ಬಾರಿ ತೊಳೆಯಿರಿ. ಪಿಪೆಟ್ ತುದಿಯನ್ನು ಮೊದಲು 1 ಶೇಕಡಾ ಬಿಎಸ್‌ಎಯಲ್ಲಿ ಅದ್ದಿ. ಒಣ ಪ್ಲಾಸ್ಟಿಕ್‌ಗೆ ಅಂಡಾಶಯ ಅಂಟಿಕೊಳ್ಳುತ್ತದೆ. ಅಂಡಾಶಯಗಳು ತಾವಾಗಿ ತಳ ಸೇರಲಿ, ಸೆಂಟ್ರಿಫ್ಯೂಜ್ ಬೇಡ.

5. ತೊಳೆಯುವ ದ್ರಾವಣದಲ್ಲಿ 10 ನಿಮಿಷ ಇಟ್ಟು ತೆಗೆಯಿರಿ. 100 ಮೈಕ್ರೋಲೀಟರ್ ಹೈಬ್ರಿಡೈಸೇಷನ್ ದ್ರಾವಣಕ್ಕೆ 12.5 ಮೈಕ್ರೋಮೋಲಾರ್ ಪ್ರೋಬ್ 1 ಮೈಕ್ರೋಲೀಟರ್ ಹಾಕಿದರೆ ಅಂತಿಮ ಸಾಂದ್ರತೆ 125 ನ್ಯಾನೋಮೋಲಾರ್ ಆಗುತ್ತದೆ. ರಾತ್ರಿಯಿಡೀ 37 ಡಿಗ್ರಿ, ಕತ್ತಲಲ್ಲಿ.

6. ಬೆಳಿಗ್ಗೆ ಮೊದಲು 1 ಮಿಲಿಲೀಟರ್ ಬೆಚ್ಚಗಿನ ತೊಳೆಯುವ ದ್ರಾವಣ ಸೇರಿಸಿ, ಅಂಡಾಶಯ ತಳ ಸೇರುವವರೆಗೆ ಕಾಯಿರಿ. ಡೆಕ್ಸ್‌ಟ್ರಾನ್ ಮಂದವಾಗಿರುವುದರಿಂದ ಈ ಹೆಜ್ಜೆಯಲ್ಲಿ ಆತುರಪಟ್ಟರೆ ಅರ್ಧ ಮಾದರಿ ಹೀರುನಳಿಗೆಯಲ್ಲೇ ಹೋಗುತ್ತದೆ. ನಂತರ 37 ಡಿಗ್ರಿಯಲ್ಲಿ ತಲಾ 30 ನಿಮಿಷ ಎರಡು ತೊಳೆತ, ಎರಡನೆಯದಕ್ಕೆ 1 ಮೈಕ್ರೋಗ್ರಾಂ/ಮಿಲಿಲೀಟರ್ ಡಾಪಿ (ಕೋಶಕೇಂದ್ರಗಳನ್ನು ತೋರಿಸುವ ಬಣ್ಣ).

7. ಸ್ಲೈಡ್ ಮೇಲೆ ಮೌಂಟಿಂಗ್ ಮೀಡಿಯಂನಲ್ಲಿ ಹರಡಿ, ಪ್ರೌಢ ಮೊಟ್ಟೆಗಳನ್ನು ತೆಗೆದುಹಾಕಿ ಕವರ್‌ಸ್ಲಿಪ್ ಮುಚ್ಚಿ. ಅವು ಉಳಿದರೆ ಗಾಜು ಎತ್ತರದಲ್ಲಿ ನಿಂತು ಚಿಕ್ಕ ಚೇಂಬರ್‌ಗಳು ಫೋಕಸ್‌ಗೆ ಸಿಗುವುದಿಲ್ಲ.

11ನೇ ಹಂತದಿಂದ ಮುಂದಿನ ಚೇಂಬರ್‌ಗಳಲ್ಲಿ ಸಿಗ್ನಲ್ ಕಾಣದಿದ್ದರೆ ಅದನ್ನು ಫಲಿತಾಂಶವೆಂದು ಬರೆಯಬೇಡಿ. ಅಷ್ಟು ಹೊತ್ತಿಗೆ ಅಂಡಕೋಶದ ಸುತ್ತ ವೈಟೆಲೈನ್ ಪೊರೆ ಕೂಡಿಕೊಂಡು ಪ್ರೋಬ್ ಒಳಗೆ ಹೋಗದಂತೆ ತಡೆಯುತ್ತದೆ.

ಹಂತ ಗುರುತಿಸುವುದು

ಇಡೀ ಪ್ರಯೋಗದ ತೂಕ ಇಲ್ಲಿದೆ. ಹಂತ ತಪ್ಪಾಗಿ ಗುರುತಿಸಿದರೆ ಕಾಡು ಮಾದರಿಯೇ ಮ್ಯೂಟೆಂಟ್‌ನಂತೆ ಕಾಣುತ್ತದೆ. 6ನೇ ಹಂತದವರೆಗೆ ಚೇಂಬರ್ ಹೆಚ್ಚುಕಡಿಮೆ ದುಂಡಗೆ, ಅಂಡಕೋಶ ಹಿಂದೆ ಚಿಕ್ಕದಾಗಿ, ಆಸ್ಕರ್ ಅದರೊಳಗೆ ತುಂಬಿಕೊಂಡಿರುತ್ತದೆ. 7ರಲ್ಲಿ ಚೇಂಬರ್ ಉದ್ದವಾಗುತ್ತದೆ, ಮೈಕ್ರೋಟ್ಯೂಬ್ಯೂಲ್‌ಗಳ ಜೋಡಣೆ ತಿರುಗುತ್ತದೆ, ಅಂಡಕೋಶದ ಕೋಶಕೇಂದ್ರ ಮುಂದಿನ ಮೂಲೆಗೆ ಸರಿಯುತ್ತದೆ. 8ರಲ್ಲಿ ಹಳದಿ ಕಾಣಿಸಿಕೊಳ್ಳುತ್ತದೆ. ಆಗ ಆಸ್ಕರ್ ಮುಂತುದಿಯಲ್ಲೂ ನಡುವೆಯೂ ಮೋಡದಂತೆ ಇರುವುದು ಸಹಜ. 9ರಲ್ಲಿ ಬಾರ್ಡರ್ ಕೋಶಗಳು ಎಂಬ ಫಾಲಿಕಲ್ ಕೋಶಗಳ ಗುಂಪು ಪೋಷಕ ಕೋಶಗಳ ನಡುವೆ ಪ್ರಯಾಣ ಮಾಡುತ್ತಿರುತ್ತದೆ, ಆಸ್ಕರ್ ಹಿಂತುದಿಯಲ್ಲಿ ಚಂದ್ರಾಕಾರದ ಪಟ್ಟಿಯಾಗುತ್ತದೆ. 10ಎ ಹಂತದಲ್ಲಿ ಅಂಡಕೋಶ ಚೇಂಬರ್‌ನ ಅರ್ಧ ತುಂಬುತ್ತದೆ, ಬಾರ್ಡರ್ ಕೋಶಗಳು ಅದರ ಅಂಚಿಗೆ ಬಂದು ನಿಂತಿರುತ್ತವೆ. 10ಬಿಯಲ್ಲಿ ಫಾಲಿಕಲ್ ಕೋಶಗಳು ನಡುವೆ ಒಳನುಗ್ಗುತ್ತವೆ, ಕೋಶದ್ರವ ಜೋರಾಗಿ ಸುತ್ತತೊಡಗುತ್ತದೆ.

ಪ್ರತಿ ತಳಿಯಿಂದ ಪ್ರತಿ ಹಂತಕ್ಕೆ ಕನಿಷ್ಠ 20 ಅಂಡಕೋಶಗಳು, ಮೂರು ಬೇರೆ ಬೇರೆ ಕ್ರಾಸ್‌ಗಳಿಂದ. 63 ಪಟ್ಟು ಎಣ್ಣೆ ಲೆನ್ಸ್ ಇದ್ದರೆ ಸಾಕು. ಅಂಡಕೋಶದ ನಡುಪದರವನ್ನೇ ಆರಿಸಿ. ಮೇಲ್ಮೈಗೆ ಹತ್ತಿರದ ಪದರದಲ್ಲಿ ಬದಿಯ ಅಂಚು ಹಿಂತುದಿಯೆಂದು ಮೋಸಗೊಳಿಸುತ್ತದೆ. ಲೇಸರ್ ಮತ್ತು ಗೇನ್ ಕಾಡು ಮಾದರಿಯ 9ನೇ ಹಂತದ ಮೇಲೆ ಹೊಂದಿಸಿ, ಮತ್ತೆ ಮುಟ್ಟಬೇಡಿ. ಆ ಚಂದ್ರಾಕಾರ ತುಂಬ ಹೊಳೆಯುವುದರಿಂದ ಅಲ್ಲಿ ಸಿಗ್ನಲ್ ಸೋರಿ ಬಿಳಿಯಾಗದಂತೆ ನೋಡಿಕೊಳ್ಳಿ.

ಅಳತೆಗೆ, ಅಂಡಕೋಶದ ಅಂಚನ್ನು ಕೈಯಿಂದ ಗುರುತಿಸಿ, ಹಿನ್ನೆಲೆ ಕಳೆದು, ಸಿಗ್ನಲ್‌ನ ಗುರುತ್ವ ಕೇಂದ್ರ ಮುಂತುದಿ–ಹಿಂತುದಿ ಅಕ್ಷದಲ್ಲಿ ಎಲ್ಲಿದೆ ಎಂದು ಲೆಕ್ಕ ಹಾಕಿ. ಅದನ್ನು ಅಂಡಕೋಶದ ಜ್ಯಾಮಿತಿಯ ಕೇಂದ್ರದಿಂದ ಅಳೆಯಿರಿ. ಅಂಡಕೋಶದ ಮುಂಭಾಗ ಅಗಲ, ಹಿಂಭಾಗ ಕಿರಿದು. ಎಲ್ಲೆಡೆ ಸಮನಾಗಿ ಹರಡಿದ ಎಂಆರ್‌ಎನ್‌ಎ ಕೂಡ ಉದ್ದದ ಅರ್ಧಕ್ಕೆ ಹೋಲಿಸಿದರೆ ಮುಂದಕ್ಕೆ ವಾಲಿದಂತೆ ಕಾಣುತ್ತದೆ. ಕಣ್ಣಂದಾಜಿನಲ್ಲಿ ‘ಸರಿ’, ‘ತಪ್ಪು’ ಎಂದು ವಿಂಗಡಿಸುವುದಾದರೆ, ತಳಿಯ ಹೆಸರು ಮುಚ್ಚಿಟ್ಟು ಬೇರೆಯವರಿಂದ ಮಾಡಿಸಿ.

ಕಂಡದ್ದನ್ನು ಓದುವ ಕ್ರಮ

ಮೊದಲ ಪ್ರಶ್ನೆ: ಎಂಆರ್‌ಎನ್‌ಎ ಸಾಕಷ್ಟು ಇದೆಯೇ? ಅಂಡಾಶಯದಿಂದ ಆರ್‌ಎನ್‌ಎ ತೆಗೆದು, ಅದರ ಪ್ರಮಾಣ ಅಳೆಯುವ ಕ್ಯುಪಿಸಿಆರ್ ಮಾಡಿ. ಪ್ರಮಾಣವೇ ಕುಸಿದಿದ್ದರೆ ಚಂದ್ರಾಕಾರ ತೆಳುವಾದದ್ದಕ್ಕೆ ಸಾಗಾಟವನ್ನು ದೂರುವಂತಿಲ್ಲ.

ಎರಡನೆಯದು: ಮೈಕ್ರೋಟ್ಯೂಬ್ಯೂಲ್‌ಗಳ ದಿಕ್ಕು ಸರಿಯಿದೆಯೇ? ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಮೈಕ್ರೋಟ್ಯೂಬ್ಯೂಲ್‌ಗಳ ದಿಕ್ಕನ್ನು ಹೊಂದಿಸುವ ಪಾರ್-1 ಪ್ರೋಟೀನು ಕಡಿಮೆಯಾದಾಗ ಆಸ್ಕರ್ ಅಂಡಕೋಶದ ನಡುವೆ ಒಂದು ಚುಕ್ಕೆಯಾಗಿ ನಿಲ್ಲುತ್ತದೆ. ಪಾರ್-1 ಆಸ್ಕರ್ ಅನ್ನು ಹೊರುವ ಪ್ರೋಟೀನೇ ಅಲ್ಲ, ಪ್ಲಸ್ ತುದಿಗಳು ನಡುವಿಗೆ ತಿರುಗಿರುತ್ತವೆ, ಕೈನೆಸಿನ್ ತನ್ನ ಕೆಲಸ ಸರಿಯಾಗೇ ಮಾಡಿರುತ್ತದೆ. ಇದನ್ನು ತಿಳಿಯಲು ಪ್ಲಸ್ ತುದಿಗಳನ್ನು ತೋರಿಸುವ ಕೈನೆಸಿನ್–ಬೀಟಾ ಗ್ಯಾಲಕ್ಟೋಸಿಡೇಸ್ ಗುರುತು ಹಿಂತುದಿಗೆ ಬರುತ್ತದೆಯೇ, ಅಂಡಕೋಶದ ಕೋಶಕೇಂದ್ರ ಮೂಲೆಯಲ್ಲಿದೆಯೇ, ಗುರ್ಕೆನ್ ಮತ್ತು ಬೈಕಾಯ್ಡ್ ತಮ್ಮ ಜಾಗದಲ್ಲಿವೆಯೇ ಎಂದು ಅದೇ ತಳಿಯಲ್ಲಿ ನೋಡಿ. ಬೈಕಾಯ್ಡ್ ಎರಡೂ ತುದಿಗಳಲ್ಲಿ ಕಂಡರೆ ಕೆಟ್ಟಿರುವುದು ದಿಕ್ಕು. ಬಾರೆಂಟ್ಸ್ ಮ್ಯೂಟೆಂಟ್‌ಗಳಲ್ಲಿ ದಿಕ್ಕು ಸರಿಯಿದ್ದೂ ಆಸ್ಕರ್ ಹಿಂತುದಿಗೆ ಬರುವುದಿಲ್ಲ, ಆದ್ದರಿಂದಲೇ ಅದು ಸಾಗಾಟದ ಪ್ರೋಟೀನು ಎಂಬ ಮಾತಿಗೆ ಬಲ ಬಂತು. ಮಾಗೋ ನಾಶಿಯ ತೀವ್ರ ಅಲೀಲ್‌ಗಳಲ್ಲಿ (ಜೀನ್‌ನ ಬದಲಾದ ರೂಪಗಳು) ಕೋಶಕೇಂದ್ರದ ಜಾಗವೂ ತಪ್ಪುವುದರಿಂದ ಅಲ್ಲಿ ಇನ್ನಷ್ಟು ಎಚ್ಚರ ಬೇಕು.

ಮೂರನೆಯದು: ಎಂಆರ್‌ಎನ್‌ಎ ಪೋಷಕ ಕೋಶಗಳಲ್ಲೇ ಉಳಿಯಿತೇ, ಅಂಡಕೋಶ ಹೊಕ್ಕಿತೇ? ಅಂಡಕೋಶ ಖಾಲಿಯಿದ್ದು ಪೋಷಕ ಕೋಶಗಳು ತುಂಬಿದ್ದರೆ ಡೈನೀನ್, ಈಗಲಿಟೇರಿಯನ್, ಬೈಕಾಡಲ್-ಡಿ ಕಡೆ ನೋಡಿ. ಅಂಡಕೋಶ ಹೊಕ್ಕು ಮುಂತುದಿಯಲ್ಲಿ ನಿಂತಿದ್ದರೆ ಸ್ಟೌಫೆನ್, ಎಕ್ಸಾನ್ ಜಂಕ್ಷನ್ ಕಾಂಪ್ಲೆಕ್ಸ್, ಟ್ರೋಪೋಮಯೋಸಿನ್ ಅಥವಾ ಕೈನೆಸಿನ್. ಇವುಗಳನ್ನು ಪರಸ್ಪರ ಬೇರ್ಪಡಿಸಲು ಒಂದು ಒಳ್ಳೆಯ ಪರೀಕ್ಷೆಯಿದೆ: ನಿಮ್ಮ ಪ್ರೋಟೀನು ಇಲ್ಲದ ತಳಿಯಲ್ಲಿ ಈಗಲಿಟೇರಿಯನ್ ಪ್ರಮಾಣವನ್ನು ಅರ್ಧಕ್ಕಿಳಿಸಿ. ಆಸ್ಕರ್ ಸ್ವಲ್ಪವಾದರೂ ಹಿಂದಕ್ಕೆ ಸರಿದರೆ ತೊಂದರೆ ಇದ್ದದ್ದು ಡೈನೀನ್ ಅನ್ನು ಬಿಡಿಸುವುದರಲ್ಲಿ. ಏನೂ ಬದಲಾಗದಿದ್ದರೆ ಕೈನೆಸಿನ್ ಹತ್ತುವುದರಲ್ಲಿ ಅಥವಾ ಓಡುವುದರಲ್ಲಿ ಹುಡುಕಿ.

ನಾಲ್ಕನೆಯದು: 9ರಲ್ಲಿ ಸರಿಯಾಗಿದ್ದು 10ರಲ್ಲಿ ಕಳೆದುಹೋಯಿತೇ? ಆಸ್ಕ್-54 ತಳಿಯಲ್ಲಿ ಹೀಗೇ ಆಗುತ್ತದೆ: ಎಂಆರ್‌ಎನ್‌ಎ ಸರಿಯಾಗಿ ತಲುಪುತ್ತದೆ, ಹಿಡಿದಿಡುವ ಪ್ರೋಟೀನು ಇಲ್ಲದೆ ಚೆದುರುತ್ತದೆ. ನಿಮ್ಮ ಮ್ಯೂಟೆಂಟ್ ಇದನ್ನು ಹೋಲಿದರೆ ಆಸ್ಕರ್ ಪ್ರೋಟೀನಿನ ಪ್ರಮಾಣವನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ ನೋಡಿ. ತೊಂದರೆ ಅನುವಾದದಲ್ಲಿರಬಹುದು, ಹಿಡಿತದಲ್ಲಿರಬಹುದು. 10ನೇ ಹಂತ ಮಾತ್ರ ನೋಡಿದವರಿಗೆ ಇದು ಸಾಗಾಟದ ತೊಂದರೆಯಾಗಿಯೇ ಕಾಣುತ್ತದೆ.

ರಿಪೋರ್ಟರ್ ಕಟ್ಟುವವರಿಗೆ

ಆಸ್ಕರ್‌ನ ಯಾವ ತುಣುಕು ಸಾಗಾಟಕ್ಕೆ ಬೇಕೆಂದು ತಿಳಿಯಲು ಆ ತುಣುಕನ್ನು ಜಿಎಫ್‌ಪಿಗೆ (ಹಸಿರಾಗಿ ಹೊಳೆಯುವ ಪ್ರೋಟೀನು) ಜೋಡಿಸಿ ನೊಣಕ್ಕೆ ಸೇರಿಸುವುದು ವಾಡಿಕೆ. ಇಲ್ಲಿ ಈ ಕ್ಷೇತ್ರವನ್ನು ವರ್ಷಗಟ್ಟಲೆ ದಾರಿ ತಪ್ಪಿಸಿದ ಒಂದು ತೊಡಕಿದೆ. ಆಸ್ಕರ್‌ನ ಬಾಲದಲ್ಲಿರುವ ಒಂದು ಕುಣಿಕೆಯಿಂದ ಎರಡು ಎಂಆರ್‌ಎನ್‌ಎಗಳು ಪರಸ್ಪರ ಜೋಡಿಯಾಗುತ್ತವೆ. ಆದ್ದರಿಂದ ಇಂಟ್ರಾನ್ ಇಲ್ಲದ ರಿಪೋರ್ಟರ್ ಕೂಡ, ನೊಣದ ಸ್ವಂತ ಆಸ್ಕರ್‌ನ ಬೆನ್ನೇರಿ ಹಿಂತುದಿ ತಲುಪುತ್ತದೆ. ಬಾಲವೊಂದೇ ಸಾಕು ಎಂಬ ತಪ್ಪು ತೀರ್ಮಾನ ಹುಟ್ಟಿದ್ದೇ ಹೀಗೆ. ರಿಪೋರ್ಟರ್ ಅನ್ನು ಸ್ವಂತ ಆಸ್ಕರ್ ಎಂಆರ್‌ಎನ್‌ಎ ಇಲ್ಲದ ಹಿನ್ನೆಲೆಯಲ್ಲಿ ಪರೀಕ್ಷಿಸಬೇಕು. ಆ ಹಿನ್ನೆಲೆಯಲ್ಲಿ ಬೆಳವಣಿಗೆ ಬೇಗ ನಿಲ್ಲುತ್ತದೆಂದು ಮೇಲೆ ಹೇಳಿದೆವು. ಆಸ್ಕರ್‌ನ ಬಾಲ ಇರುವ ರಿಪೋರ್ಟರ್ ಆ ಕೊರತೆಯನ್ನು ತಾನೇ ತುಂಬುತ್ತದೆ, 9–10ನೇ ಹಂತ ಸಿಗುತ್ತದೆ. ಪ್ರೋಬ್‌ಗಳನ್ನು ಆಸ್ಕರ್‌ಗಲ್ಲ, ಜಿಎಫ್‌ಪಿ ಭಾಗಕ್ಕೆ ಮಾಡಿಸಿ.

ನೇರ ಬಂಧ ಮತ್ತು ಜೀವಂತ ಚಿತ್ರಣ

ಪ್ರೋಟೀನು ಎಂಆರ್‌ಎನ್‌ಎಯನ್ನು ನೇರವಾಗಿ ಹಿಡಿಯುತ್ತದೆ ಎನ್ನಬೇಕಾದರೆ ಚಿತ್ರ ಸಾಲದು. ಜಿಎಫ್‌ಪಿ ಅಂಟಿಸಿದ ಪ್ರೋಟೀನು ಇರುವ ಅಂಡಾಶಯವನ್ನು ಐಸ್ ಮೇಲೆ 254 ನ್ಯಾನೋಮೀಟರ್ ಬೆಳಕಿನಲ್ಲಿ ಬಂಧಿಸಿ, ಅರೆದು, ಜಿಎಫ್‌ಪಿ ಹಿಡಿಯುವ ಮಣಿಗಳಿಂದ ಹೊರತೆಗೆದು, ಹೆಚ್ಚು ಉಪ್ಪಿನ ದ್ರಾವಣದಲ್ಲಿ ತೊಳೆದು, ಕ್ಯುಪಿಸಿಆರ್‌ನಲ್ಲಿ ಆಸ್ಕರ್ ಅಳೆಯಿರಿ. ಬರೀ ಜಿಎಫ್‌ಪಿ ಇರುವ ತಳಿ, ಬೆಳಕು ಹಾಯಿಸದ ಮಾದರಿ ಎರಡೂ ಪಕ್ಕದಲ್ಲಿರಲಿ. ಎರಡೆಳೆ ಆರ್‌ಎನ್‌ಎಯನ್ನು ಹಿಡಿಯುವ ಸ್ಟೌಫೆನ್‌ನಂಥ ಪ್ರೋಟೀನುಗಳಲ್ಲಿ ಈ ಬೆಳಕಿನ ಬಂಧ ದುರ್ಬಲ, ಕಡಿಮೆ ಸಂಖ್ಯೆ ಬಂತೆಂದು ಬಂಧವೇ ಇಲ್ಲ ಎನ್ನಬೇಡಿ.

ಚಲನೆ ನೋಡಲು ಇಂಟ್ರಾನ್‌ಗಳ ಸಮೇತ ಇರುವ ಆಸ್ಕರ್‌ಗೆ ಎಂಎಸ್2 ಕುಣಿಕೆಗಳನ್ನು ಸೇರಿಸಿ, ಆ ಕುಣಿಕೆಗಳನ್ನು ಹಿಡಿಯುವ ಎಂಸಿಪಿ-ಜಿಎಫ್‌ಪಿಯಿಂದ ಬೆಳಗಿಸುತ್ತಾರೆ. ಅಂಡಾಶಯವನ್ನು ಪಿಬಿಎಸ್ ಮುಟ್ಟಿಸದೆ ನೇರ ಹ್ಯಾಲೋಕಾರ್ಬನ್ ಎಣ್ಣೆಯಲ್ಲಿ, ಕವರ್‌ಸ್ಲಿಪ್ ಮೇಲೆಯೇ ಬಿಡಿಸಿ. ಸೆಕೆಂಡಿಗೆ ಒಂದೆರಡು ಚಿತ್ರ ತೆಗೆಯಿರಿ, ಒಂದು ಚೇಂಬರ್ ಅನ್ನು ಅರ್ಧ ಗಂಟೆಗಿಂತ ಹೆಚ್ಚು ನಂಬಬೇಡಿ. ಕಣಗಳೆಲ್ಲ ಹಿಂತುದಿಗೆ ಸಾಲಾಗಿ ಓಡುವುದನ್ನು ನಿರೀಕ್ಷಿಸಿದರೆ ನಿರಾಶೆಯಾಗುತ್ತದೆ. 2008ರಲ್ಲಿ ಡೇನಿಯಲ್ ಸೇಂಟ್ ಜಾನ್ಸ್‌ಟನ್ ಅವರ ಗುಂಪು ತೋರಿಸಿದ ಹಾಗೆ ಕಣಗಳು ಎಲ್ಲ ದಿಕ್ಕಿಗೂ ಓಡುತ್ತವೆ, ಹಿಂದಕ್ಕೆ ಓಡುವವು ಮುಂದಕ್ಕೆ ಓಡುವವಕ್ಕಿಂತ ಸ್ವಲ್ಪವೇ ಹೆಚ್ಚು. ಆ ಸಣ್ಣ ವಾಲಿಕೆ ಗಂಟೆಗಟ್ಟಲೆ ಕೂಡಿ ಚಂದ್ರಾಕಾರವಾಗುತ್ತದೆ. ಹತ್ತಿಪ್ಪತ್ತು ಕಣಗಳಲ್ಲಿ ಈ ವ್ಯತ್ಯಾಸ ಕಾಣದು, ನೂರಾರು ಓಟಗಳನ್ನು ಎಣಿಸಬೇಕು. ಎಣಿಸುವಾಗ ವೇಗ, ಒಂದು ಓಟದ ಉದ್ದ, ಓಡುತ್ತಿರುವ ಕಣಗಳ ಪಾಲು, ದಿಕ್ಕು ಈ ನಾಲ್ಕನ್ನೂ ಬೇರೆ ಬೇರೆ ಬರೆದಿಡಿ. ದಿಕ್ಕು ಮಾತ್ರ ಬದಲಾದರೆ ಮತ್ತೆ ಮೈಕ್ರೋಟ್ಯೂಬ್ಯೂಲ್‌ಗಳನ್ನು ಪರೀಕ್ಷಿಸಿ. ಓಡುವ ಕಣಗಳ ಪಾಲು ಕುಸಿದು ವೇಗ ಹಾಗೇ ಉಳಿದರೆ, ಎಂಜಿನ್ ಸರಿಯಿದೆ, ಅದನ್ನು ಎಂಆರ್‌ಎನ್‌ಎಗೆ ಹತ್ತಿಸುವ ಅಥವಾ ಚಾಲೂ ಮಾಡುವ ಪ್ರೋಟೀನು ನಿಮ್ಮದು.

ಬೇರೆ ಎಂಆರ್‌ಎನ್‌ಎಗಳಿಗೆ ಇದೇ ಪ್ರಶ್ನೆಗಳನ್ನು ಹಾಕಬಹುದು, ಉತ್ತರಗಳನ್ನು ಮಾತ್ರ ಆಸ್ಕರ್‌ನಿಂದ ಎರವಲು ತರಬೇಡಿ. ನಾನೋಸ್‌ನ ಬಹುಪಾಲು ಎಂಜಿನ್ ಹಿಡಿದು ಬರುವುದಿಲ್ಲ. ಕೊನೆಯ ಹಂತಗಳಲ್ಲಿ ಕೋಶದ್ರವದ ಸುತ್ತಾಟದಲ್ಲಿ ತೇಲಿ ಬಂದು ಹಿಂತುದಿಯಲ್ಲಿ ಸಿಕ್ಕಿಬೀಳುತ್ತದೆ. ಬೈಕಾಯ್ಡ್‌ಗೂ ಸ್ಟೌಫೆನ್ ಬೇಕು, ಆದರೆ 10ಬಿ ಹಂತದ ನಂತರ, ಮುಂತುದಿಯಲ್ಲಿ ಉಳಿಸಿಕೊಳ್ಳಲು. ನೊಣದ ನರ ಮೂಲಕೋಶಗಳಲ್ಲಿ ಅದೇ ಸ್ಟೌಫೆನ್ ಮಿರಾಂಡಾ ಎಂಬ ಪ್ರೋಟೀನಿನ ಜೊತೆ ಸೇರಿ ಪ್ರಾಸ್ಪೆರೋ ಎಂಆರ್‌ಎನ್‌ಎಯನ್ನು ಒಂದೇ ಮಗಳುಕೋಶಕ್ಕೆ ತಲುಪಿಸುತ್ತದೆ. ಕೋಳಿಯ ಫೈಬ್ರೋಬ್ಲಾಸ್ಟ್‌ಗಳಲ್ಲಿ ಬೀಟಾ ಆಕ್ಟಿನ್‌ನ 54 ನ್ಯೂಕ್ಲಿಯೋಟೈಡುಗಳ ‘ಜಿಪ್‌ಕೋಡ್’ ಅನ್ನು ಹಿಡಿಯುವ ಝಡ್‌ಬಿಪಿ1, ಅಂಚಿನಲ್ಲಿ ಸಾರ್ಕ್ ಕೈನೇಸ್ ಫಾಸ್ಫೇಟ್ ಸೇರಿಸಿದಾಗ ಹಿಡಿತ ಬಿಡುತ್ತದೆ, ಅನುವಾದ ಶುರುವಾಗುತ್ತದೆ. ನೊಣದ ಭ್ರೂಣಗಳಲ್ಲಿ 3370 ಜೀನ್‌ಗಳ ಎಂಆರ್‌ಎನ್‌ಎಗಳನ್ನು ನೋಡಿದ 2007ರ ಸಮೀಕ್ಷೆಯಲ್ಲಿ 71 ಶೇಕಡಾ ಯಾವುದಾದರೊಂದು ನಿರ್ದಿಷ್ಟ ಜಾಗದಲ್ಲಿ ಸೇರಿದ್ದವು. ಅವುಗಳಲ್ಲಿ ಬಹುತೇಕ ಎಂಆರ್‌ಎನ್‌ಎಗಳನ್ನು ಯಾವ ಪ್ರೋಟೀನು ಹಿಡಿಯುತ್ತದೆ, ಯಾವುದು ಬಿಡಿಸುತ್ತದೆ ಎಂದು ಇನ್ನೂ ಯಾರೂ ಈ ಕ್ರಮದಲ್ಲಿ ಕೂತು ನೋಡಿಲ್ಲ.